ದಡದ ಮೇಲಿನ ಕುರ್ಚಿ

ಕ್ಲೋರಿನ್ ವಾಸನೆ ಮೂಗಿಗೆ ಅಡರಿತು, ಮದುವೆಯಾದ ಹೊಸತರಲ್ಲಿ ಈಜು ಕಲಿಸಿ ಬಂದ ಇವಳ ಕೂದಲಿನಿಂದ ಬರುತ್ತಿದ್ದದ್ದೂ ಇದೇ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ನಿಮ್ಮ ಮೈಯಿಂದ ಬಿಸ್ಕತ್ತಿನ ವಾಸನೆ ಹೋಗುತ್ತೇನ್ರಿ, ಇದೂ ಹಾಗೇ ಅಂದ್ಕೊಳ್ಳಿ, ಎಂದು ನಗುತ್ತಿದ್ದಳು — ಅವನು ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಈಜುಕೊಳದ ಬೆಂಚಿನಲ್ಲಿ ಕೂತಿದ್ದ, ಟವೆಲು ಯಾಕೆ ತಂದೆನೋ, ಅವಳು ನೀರಿಗಿಳಿಯುವ ಹಾಗೇ ಇಲ್ಲವಲ್ಲ, ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ, ಕೂತ್ಕೊಂಡು ಕಲಿಸಿ, ಸದ್ಯಕ್ಕೆ ನೀರಿಗೆ ಮಾತ್ರ ಬೇಡ, ಆದರೂ ಅಭ್ಯಾಸಬಲ, ಎಷ್ಟು ವರ್ಷ ಬೇಕರಿಯ ಬಾಗಿಲು ಹಾಕಿ ಬಂದು ಇದೇ ಬೆಂಚಿನಲ್ಲಿ ಟವೆಲು ಹಿಡಿದು ಕಾದಿದ್ದಾನೆ. ಅಗೋ, ಕೊಳದ ಅಂಚಿನಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಬರಿಗಾಲಲ್ಲಿ ಅವಳು, ಆಸ್ಪತ್ರೆಯಿಂದ ಬಂದ ಮೇಲೆ ಇವತ್ತೇ ಮೊದಲ ಪಾಠ, ನೀರಿನಲ್ಲಿ ಈಜು ಬಾರದ ನಾಲ್ಕಾರು ಹೆಂಗಸರು, ಕಂಬಿಯನ್ನು ಬಿಟ್ಟರೆ ಪ್ರಾಣವೇ ಹೋದೀತೆಂದು ಹಿಡಿದುಕೊಂಡ ಅಂಚೆ ಕಚೇರಿಯಾಕೆ, ಹಿಂದೆಲ್ಲ ಇವಳು ಒಂದು ಕೂಗು ಹಾಕಿದರೆ ಸೂರು ಹಾರಿಹೋಗಬೇಕು, ಈಗ ಕೂಗಲು ಉಸಿರೆಲ್ಲಿದೆ, ಕೈಯನ್ನು ಮಾತ್ರ ಮೆಲ್ಲಗೆ ಮೇಲಕ್ಕೆತ್ತುತ್ತಾಳೆ, ಮೆಲ್ಲಗೆ ಇಳಿಸುತ್ತಾಳೆ, ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತ ಉಸಿರೆಳೆದುಕೊಳ್ಳುತ್ತಾರೆ, ಉಸಿರು ಬಿಡುತ್ತಾರೆ, ಅವನೂ ಬಿಡುತ್ತಾನೆ, ಎಲಾ ಇವಳ, ಆ ಕೂಗು ಹೋಯಿತೆಂದು ನಾನು ಮರುಗುತ್ತಿದ್ದರೆ ಇವಳಾಗಲೇ ಕೈಯಲ್ಲಿ ಮಾತಾಡುವುದನ್ನು ಕಲಿತುಬಿಟ್ಟಿದ್ದಾಳೆ.

ಗುಂಡುಕಲ್ಲಿನ ಹಾಗಿದ್ದೀನಿ, ನನಗೇನಾಗಿದೆ, ಎಂದು ಬಿಪಿ ಮಾತ್ರೆಯನ್ನು ಯಾವತ್ತೋ ಬಿಟ್ಟವಳು, ಅಪ್ಪ ಹೃದಯದ ಕಾಯಿಲೆಯಿಂದಲೇ ಹೋದರೆಂಬುದನ್ನೂ ಮರೆತವಳು, ಆಮೇಲೆ ಚಪ್ಪಲಿ ಬಿಗಿಯಾಯಿತು, ಅಂಗಡಿಯವನನ್ನು ಬೈದಳು, ಮೆಟ್ಟಿಲ ನಡುವೆ ನಿಂತು ಕಿಟಕಿಯಾಚೆ ನೋಡುವ ನೆಪ ಮಾಡಿದಳು, ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು, ಕೊನೆಗೆ ಕೂತೇ ನಿದ್ದೆ — ಅವಳ ಕಣಕಾಲನ್ನು ಅವನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದ, ಒಳ್ಳೆ ಹಿಟ್ಟಾದರೆ ಒತ್ತಿದ ಗುಳಿ ಮತ್ತೆ ಉಬ್ಬಿ ಬರುತ್ತದೆ, ಇದು ಬರಲಿಲ್ಲ, ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಹೃದಯ ನಿಂತಿಲ್ಲ, ಸೋತಿದೆ, ಡಾಕ್ಟರಮ್ಮ ಹೇಳುತ್ತಿದ್ದರು, ರಕ್ತ ಒತ್ತಿ ಕಳಿಸೋ ಕಸುವು ಕಮ್ಮಿಯಾಗಿದೆ, ಅದಕ್ಕೇ ಕಾಲಲ್ಲಿ ನೀರು, ಶ್ವಾಸಕೋಶದಲ್ಲಿ ನೀರು, ಅಷ್ಟಕ್ಕೇ ಇವಳು ನಕ್ಕುಬಿಡಬೇಕೇ, ಇಷ್ಟು ದಿನ ನಾನು ನೀರೊಳಗಿದ್ದೆ ಡಾಕ್ಟ್ರೇ, ಈಗ ನೀರೇ ನನ್ನೊಳಗೆ ಬಂತಾ, ಆಮೇಲೆ ನಗು ನಿಲ್ಲಿಸಿ ನೇರವಾಗಿ ಕೇಳಿದ್ದಳು, ಇನ್ನೆಷ್ಟು ವರ್ಷ, ಅವನು ಕುರ್ಚಿಯ ಕೈಯನ್ನು ಹಿಡಿದುಕೊಂಡಿದ್ದ, ಡಾಕ್ಟರಮ್ಮ ಕನ್ನಡಕ ತೆಗೆದರು, ನೂರು ಜನರ ಲೆಕ್ಕ ಹೇಳಬಲ್ಲೆ ತಾಯಿ, ನಿಮ್ಮೊಬ್ಬರದು ಹೇಳೋಕಾಗಲ್ಲ, ಎಂದರು, ಆಗ ಇವಳು, ಸ್ಪರ್ಧೆಗೆ ಮುಂಚೆ ಎದುರಾಳಿಗಳ ಬಗ್ಗೆ ವಿಚಾರಿಸುವವಳ ಹಾಗೆ ಮುಂದಕ್ಕೆ ಬಾಗಿ, ಸರಿ, ಆ ನೂರರಲ್ಲಿ ಚೆನ್ನಾಗಿರೋರು ಏನು ಮಾಡ್ತಾರೆ ಅದನ್ನ ಹೇಳಿ, ನಾನೂ ಮಾಡ್ತೀನಿ, ಬೇಗ ಹೋಗೋರು ಏನು ಮಾಡ್ತಾರೆ ಅದನ್ನೂ ಹೇಳಿ, ಅದನ್ನ ಬಿಡ್ತೀನಿ. ಡಾಕ್ಟರಮ್ಮನ ಮುಖದಲ್ಲಿ ನಗು ಅರಳಿತು, ಮಾತ್ರೆ ತಾವೇ ನಿಲ್ಲಿಸೋರು, ಉಪ್ಪು ಬಿಡದೋರು, ಊದಿಕೊಂಡ್ರೂ ಸುಮ್ನಿರೋರು, ಇವರೇ ಪದೇ ಪದೇ ಇಲ್ಲಿಗೆ ಬರೋದು.

ಹೇಳಿದಳು, ಮಾಡಿದಳು, ಅದೇ ಅವನಿಗೆ ಇವತ್ತಿಗೂ ಅಚ್ಚರಿ, ಬೆಳಗೆದ್ದು ತೂಕದ ಯಂತ್ರದ ಮೇಲೆ ನಿಲ್ಲುವುದು, ಬಾಟಲಿಯಲ್ಲಿ ಅಳೆದಿಟ್ಟ ನೀರನ್ನು ಗುಟುಕು ಗುಟುಕಾಗಿ ಸಂಜೆಯವರೆಗೆ ಕಾಪಾಡುವುದು, ಅವನು ಉಪ್ಪಿಲ್ಲದ ಬ್ರೆಡ್ಡು ಸುಟ್ಟುಕೊಟ್ಟರೆ ಒಂದು ಚೂರು ಬಾಯಿಗಿಟ್ಟು, ರಟ್ಟು ತಿಂದ ಹಾಗಿದೆ ಕಣ್ರಿ, ಇನ್ನೊಂದು ಚೂರು ಕೊಡಿ, ಎನ್ನುವುದು, ಒಂದು ದಿನ ತೂಕ ದಿಢೀರನೆ ಏರಿತ್ತು, ಉಬ್ಬಸ ಇನ್ನೂ ಶುರುವಾಗಿರಲಿಲ್ಲ, ಹಿಂದಿನವಳಾಗಿದ್ದರೆ ಮುಚ್ಚಿಡುತ್ತಿದ್ದಳು, ಈಗ ಬೇಕರಿಗೇ ಬಂದು, ರೀ, ನಿಮ್ಮ ಹಿಟ್ಟಿನ ಹಾಗೆ ಉಬ್ತಿದ್ದೀನಿ, ನಡೀರಿ ಆಸ್ಪತ್ರೆಗೆ, ಎಂದಳು, ಮಾತ್ರೆ ಬದಲಾಯಿಸಿ ಅವತ್ತೇ ಮನೆಗೆ ಕಳಿಸಿದರು, ಸರಿಯಾದ ಹೊತ್ತಿಗೆ ಬಂದ್ರಿ, ಎಂದರು ಡಾಕ್ಟರಮ್ಮ, ಅವನಿಗೇ ಬಹುಮಾನ ಬಂದ ಹಾಗೆ ಹಿಗ್ಗಿದ್ದ — ಏನದು, ಯಾರದು ಕೂಗು, ಅಂಚೆ ಕಚೇರಿಯಾಕೆ ಕಂಬಿ ಬಿಟ್ಟಿದ್ದಾಳೆ, ಧೈರ್ಯ ಮಾಡಿ ಬಿಟ್ಟವಳು ತೇಲುತ್ತ ತೇಲುತ್ತ ಆಳದ ಕಡೆ ಸರಿದಿದ್ದಾಳೆ, ಕಾಲಿಗೆ ನೆಲ ಸಿಕ್ಕುತ್ತಿಲ್ಲ, ಕೈ ಬಡಿಯುತ್ತಿದ್ದಾಳೆ, ಇನ್ನೊಬ್ಬ ಕೋಚ್ ಆಚೆ ತುದಿಯಲ್ಲಿದ್ದಾನೆ, ಈಜಿಕೊಂಡು ಬರುತ್ತಿದ್ದಾನೆ, ದೂರ, ತೀರಾ ದೂರ, ಇವಳು ಎದ್ದು ನಿಂತಳು, ಬೇಡ, ಬೇಡ ಕಣೆ, ಅವನು ಮುಂದಕ್ಕೆ ಬಾಗಿದ, ಟವೆಲು ಜಾರಿ ಬಿತ್ತು, ಅವನಿಗೆ ಗೊತ್ತು, ಎಷ್ಟು ಜನರನ್ನು ಇವಳು ಹಾರಿ ಎತ್ತಿಲ್ಲ, ಮೈಗೆ ಅದೊಂದೇ ಗೊತ್ತು, ಮೊಣಕಾಲು ಬಾಗಿತು, ಭುಜ ಮುಂದಕ್ಕೆ ಬಂತು, ಹಾರಿದಳು, ಮುಗಿಯಿತು, ಎಂದುಕೊಂಡ — ಹಾರಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದನೆಯ ಗಳವನ್ನು ಎಳೆದುಕೊಂಡು ನೀರಿನ ಮೇಲೆ ಚಾಚಿದಳು, ಇದ್ದ ಉಸಿರನ್ನೆಲ್ಲ ಒಂದೇ ಮಾತಿಗೆ ಇಟ್ಟು, ಹಿಡ್ಕೋ, ಎಂದಳು, ಆಕೆ ಹಿಡಿದಳು, ಅಷ್ಟರಲ್ಲಿ ಕೋಚ್ ಬಂದು ಸೊಂಟಕ್ಕೆ ಆಸರೆ ಕೊಟ್ಟ, ಕೆಮ್ಮುತ್ತ ಅಂಚಿಗೆ ಬಂದವಳಿಗೆ ಇವಳು ಏದುಸಿರಿನ ನಡುವೆಯೇ ಹೇಳುತ್ತಿದ್ದಾಳೆ, ಒಳ್ಳೆ ಪಟ್ಟಾಗಿ ನೀರು ಕುಡಿದ್ರಲ್ಲ, ನಂಗೆ ಡಾಕ್ಟ್ರು ಅಷ್ಟು ಬಿಡಲ್ಲ, ಆಕೆ ಕೆಮ್ಮುತ್ತಲೇ ನಗುತ್ತಿದ್ದಾಳೆ, ಎಲ್ಲರೂ ನಗುತ್ತಿದ್ದಾರೆ, ಹಾರುವುದು ಇವಳಿಗೆ ಸುಲಭವಿತ್ತು, ಅದು ಈ ಜನಕ್ಕೇನು ಗೊತ್ತು, ನಿಲ್ಲುವುದಕ್ಕೆ ಎಷ್ಟು ಬಲ ಬೇಕಾಯಿತೆಂದು ಇಲ್ಲಿ ಕೂತವನಿಗೆ ಮಾತ್ರ ಕಂಡಿತು, ಏಕೆಂದರೆ ಅವನು ನೋಡುತ್ತಿದ್ದದ್ದು ಗಳವನ್ನಲ್ಲ, ಅವಳ ಪಾದಗಳನ್ನು, ಈಗಲೂ ಅದನ್ನೇ, ಒದ್ದೆ ಕಲ್ಲಿನ ಅಂಚನ್ನು ಕಚ್ಚಿ ಹಿಡಿದು ಬೆಳ್ಳಗಾದ ಬೆರಳುಗಳು, ಹಾರಲೆಂದು ಮಡಿಸಿಕೊಂಡು ಅಲ್ಲೇ ತಡೆದು ನಿಂತ ಬೆರಳುಗಳು, ಆ ಬೆರಳುಗಳು.