ಆ ದೇಶದ ಜೋಗುಳ

೧

ಎಲ್ಲಿಂದ ಹಿಡಿಯಲಿ, ಹೇಳಿ? ಗ್ಲೋಬಿನಿಂದ ಹಿಡಿದರೆ ಕಥೆ ದುಂಡಗೆ ಉರುಳಿಹೋಗುತ್ತದೆ. ಸತ್ತವನಿಂದ ಹಿಡಿದರೆ ನೀವು ಮೊದಲ ಪುಟದಲ್ಲೇ ಮೂಗೊರೆಸಿಕೊಳ್ಳುತ್ತೀರಿ. ಗ್ಲೋಬೇ ಇರಲಿ.

ಶಾಲೆಯ ಸಂಗೀತದ ಕೋಣೆ. ಕಿಟಕಿಯ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ಮೀನಿನ ಮರಿಗಳ ಹಾಗೆ ಈಜುತ್ತಿದೆ. ಹಾಡಿನ ಟೀಚರ್ ಗ್ಲೋಬು ತಿರುಗಿಸುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಬೆರಳಿಡಬೇಕು. ಬೆರಳು ನಿಂತ ದೇಶದ ಹಾಡೊಂದನ್ನು ಕಲಿತು ವಾರ್ಷಿಕೋತ್ಸವದಲ್ಲಿ ಹಾಡಬೇಕು. ಹಾಡುವ ಮೊದಲು ಅದು ಯಾರ ಹಾಡೆಂದು ಬಾಯಿಬಿಟ್ಟು ಹೇಳಬೇಕು. “ಹೆಸರು ಹೇಳದೆ ಹಾಡಿದ್ರೆ ಕದ್ದ ಹಾಗೆ” ಅನ್ನುವುದು ಟೀಚರ ನಿಯಮ.

ಗಿಲಕಿಯ ಬೆರಳು ಸಮುದ್ರದ ಮೇಲೆ ಜಾರಿ ಜಾರಿ ಆ ದೇಶದ ಮೇಲೆ ನಿಂತಿತು. ಸೈನಿಕನಾಗಿ ಹೋದ ಅವಳ ಅಣ್ಣ ಹೆಣವಾಗಿ ಬಂದದ್ದು ಆ ದೇಶದವರ ಗುಂಡಿನಿಂದ. ಸದಾ ಸದ್ದು ಮಾಡುತ್ತಾಳೆಂದು ಅವಳಿಗೆ ಗಿಲಕಿ ಎಂದು ಹೆಸರಿಟ್ಟವನೂ ಅವನೇ.

(ದೇಶದ ಹೆಸರು ಬರೆಯುವುದಿಲ್ಲ. ನಿಮ್ಮ ಮನೆಯಲ್ಲೂ ಎತ್ತಬಾರದ ಹೆಸರೊಂದು ಇದ್ದೀತು, ಅದನ್ನೇ ಇಟ್ಟುಕೊಳ್ಳಿ.)

೨ (ಹೊಡೆದುಹಾಕಿದ್ದು)

ಗಿಲಕಿ ಬಿಕ್ಕಿ ಬಿಕ್ಕಿ ಅತ್ತಳು. ಟೀಚರ್ ತಲೆ ನೇವರಿಸಿ, ಕಲೆಗೆ ಗಡಿಗಳಿಲ್ಲ ಮಗೂ ಎಂದು…

ಥೂ. ಈ ಡ್ರಾಫ್ಟ್ ಬೇಡ.

೨ (ಇನ್ನೊಮ್ಮೆ)

“ಟೀಚರ್, ನಂಗೆ ಬೇರೆ ದೇಶ ಕೊಡಿ.”

“ಆಯ್ತು ಕಣೇ, ಬಲವಂತ ಏನಿಲ್ಲ. ಒಂದ್ಸಲ ಕೇಳಿಸ್ಕೋ, ಅಷ್ಟೇ.”

ಸ್ಪೀಕರಿನಲ್ಲಿ ಸವೆದ ಹೆಣ್ಣುದನಿ. ಜೋಗುಳ. ಟೀಚರ್ ಅರ್ಥ ಹೇಳಿದರು: ಮಲಗೋ ಪೀಡೆ, ನನ್ನ ತೋಳು ಬಿದ್ದುಹೋಯ್ತು, ನಿಮ್ಮಪ್ಪನ ಗೊರಕೆ ಕೇಳು, ಅವನನ್ನ ಯಾರು ತೂಗಿದರು?

ಗಿಲಕಿಗೆ ನಗು ಬಂದುಬಿಟ್ಟಿತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆದರೆ ಅಷ್ಟರಲ್ಲಿ ರಾಗ ನಾಲಿಗೆಗೆ ಅಂಟಿಕೊಂಡಿತ್ತು. ಬೇರೆ ದೇಶ ಮತ್ತೆ ಕೇಳಲಿಲ್ಲ.

೩

ಬಟ್ಟೆ ಒಣಹಾಕುತ್ತ ಗುನುಗುತ್ತಿದ್ದಾಗ ಅಮ್ಮನಿಗೆ ಕೇಳಿಸಿತು.

“ಏನೇ ಅದು? ಹಿತವಾಗಿದೆ. ಇನ್ನೊಂದ್ಸಲ ಅನ್ನು.”

“ಸ್ಕೂಲಿಂದಮ್ಮ.”

“ಯಾವ ಕಡೇದು?”

“ಯಾವ್ದೋ ದೂರದ್ದು.”

ಅಂದಿನಿಂದ ಅಮ್ಮನೂ ಸೌಟು ಆಡಿಸುತ್ತ ಅದನ್ನೇ ಗುನುಗತೊಡಗಿದಳು. ಗಿಲಕಿ ಮನೆಯಲ್ಲಿ ಗುನುಗುವುದನ್ನು ನಿಲ್ಲಿಸಿದಳು. ವೇದಿಕೆಯ ಮೇಲೆ ಆ ಹೆಸರು ಹೇಳಿದ ಮೇಲೆ ಅಮ್ಮ ತನ್ನ ಮುಖ ನೋಡುವಳೇ?

೪

ಇಷ್ಟು ಬರೆದು ನಾನು ತೂಕಡಿಸುತ್ತಿದ್ದೆ. ಗಿಲಕಿ ಕಾಗದದಿಂದೆದ್ದು ಬಂದು ಮೇಜಿನ ಅಂಚಿನಲ್ಲಿ ಕಾಲಾಡಿಸುತ್ತ ಕೂತಳು.

“ಅಜ್ಜಿ, ಬೆರಳಿಟ್ಟಿದ್ದು ನಾನು. ಗ್ಲೋಬ್ ನಿಲ್ಸಿದ್ದು ನೀವು.”

“ಹೌದು ಮಗಾ.”

“ಹಾಗಾದ್ರೆ ಅಣ್ಣನ್ನ ವಾಪಸ್ ಬರೀರಿ.”

ಬರೆದೆ. ಒಂದು ಸಾಲು ತಾನೆ? ಬಾಗಿಲು ತೆರೆಯಿತು, ಅಣ್ಣ ಬಂದ, ಬೂಟು ಕಳಚಿದ, ನಕ್ಕ.

ಗಿಲಕಿ ದಿಟ್ಟಿಸಿ ನೋಡಿದಳು. “ಅವ್ನು ಹೀಗೆ ನಗಲ್ಲ.”

“ಮತ್ತೆ ಹೇಗೆ?”

“ಮೊದ್ಲು ಭುಜ ನಗುತ್ತೆ. ಆಮೇಲೆ ಅವ್ನು.”

ತಿದ್ದಿದೆ, ಮತ್ತೆ ತಿದ್ದಿದೆ. ಭುಜ ಬರಲೇ ಇಲ್ಲ. ಕೊನೆಗೆ ಅವಳೇ, “ಹೋಗ್ಲಿ ಬಿಡಿ. ಯಾರೋ ಏನೋ, ಪಾಪ, ಕಳಿಸ್ಬಿಡಿ” ಎಂದಳು. ಆ ಅಪರಿಚಿತ ಬೂಟು ಹಾಕಿಕೊಂಡು, ನಮ್ಮಿಬ್ಬರಿಗೂ ತಲೆಬಾಗಿ, ಹೊರಟುಹೋದ.

“ಹೆಸರು ಹೇಳದೆ ಹಾಡ್ಬಿಡು. ಟೀಚರ್‌ಗೆ ನಾನು ಹೇಳ್ತೀನಿ” ಎಂದೆ.

“ಬೇಡ. ಅಮ್ಮ ದಿನಾ ಹಾಡ್ಕೋತಾಳೆ ಅಜ್ಜಿ. ಗೊತ್ತಿಲ್ದೆ ಹಾಡ್ಕೋತಾಳೆ. ಅದು ಮೋಸ ಅಲ್ವಾ?”

೬

(ಐದನ್ನು ಹರಿದೆ. ಅದರಲ್ಲಿ ಟೀಚರ್ ಭಾಷಣ ಮಾಡುತ್ತಿದ್ದರು.)

ಸಭಾಂಗಣ. ದೀಪಗಳು ನೀರಿನೊಳಗೆ ಉರಿಯುವಂತೆ ಮಂಕಾಗಿವೆ. ಗಿಲಕಿ ಮೈಕಿನ ಮುಂದೆ ನಿಂತು ಆ ದೇಶದ ಹೆಸರು ಹೇಳಿದಳು. ಸ್ಪಷ್ಟವಾಗಿ, ನುಂಗದೆ. ಹೆಸರು ಕುರ್ಚಿಗಳ ಮೇಲೆ ಹಾರುತ್ತ ಹೋಗಿ ಅಮ್ಮನ ಬಳಿ ಇಳಿಯಿತು. ಅಮ್ಮನ ಕೈ ಸೆರಗನ್ನು ಹಿಡಿಯಿತು. ಹಾಡು ಶುರುವಾಯಿತು.

ಈಗ ಆರಿಸಿಕೊಳ್ಳಿ.

ಒಂದು: ಅಮ್ಮ ಎದ್ದು ಹೋದಳು, ಖಾಲಿ ಸೀಟು ಧಡ್ಡನೆ ಮಡಚಿಕೊಂಡಿತು.

ಇನ್ನೊಂದು: ಅಮ್ಮ ಕೂತಲ್ಲಿಂದಲೇ ದನಿಗೂಡಿಸಿದಳು, ಎಲ್ಲರೂ ಚಪ್ಪಾಳೆ… (ಸಿನಿಮಾ ಆಯ್ತು, ಬಿಡಿ.)

ಮತ್ತೂ ಒಂದು:

“ಅಜ್ಜಿ,” ಎರಡು ಸಾಲುಗಳ ನಡುವಿನ ಉಸಿರಿನಲ್ಲಿ ಗಿಲಕಿ ವೇದಿಕೆಯಿಂದಲೇ ಕಣ್ಣು ಕೆಕ್ಕರಿಸಿದಳು. “ಸ್ವಲ್ಪ ಸುಮ್ನಿರ್ತೀರಾ? ಅಮ್ಮ ಕಣ್ಣು ಮುಚ್ಚಿದ್ದಾಳೆ.”

ಸಿಟ್ಟಿಗೋ, ಸಂಕಟಕ್ಕೋ, ನಿದ್ದೆಗೋ ಎಂದು ಕೇಳಲು ಬಾಯಿ ತೆರೆದೆ.

“ಶ್!”

ಪೆನ್ನಿನ ಮುಚ್ಚಳ ಹಾಕಿದರೆ ಆ ಸದ್ದೂ ಜಾಸ್ತಿಯಾದೀತು. ತೆರೆದೇ ಇಟ್ಟಿದ್ದೇನೆ.