ಎರ್ರೆಮ್ಮನಿಗೆ ಹೇಳಿದ ಮಾತು

ನಮ್ಮ ಯಜಮಾನರಿಗೆ ಹಿಂದೆ ತಿರುಗಿ ನೋಡುವ ಅಭ್ಯಾಸವೇ ಇಲ್ಲ. ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ, ಬೀದಿಯಲ್ಲಿ ಮುಖ ನೋಡಿ ಮಾತಾಡುವಂತಿಲ್ಲ. ಕಂಪ್ಲಿಯ ನಮ್ಮ ಮನೆಯಲ್ಲಿ ಅತ್ತೆಯವರ ಕಟ್ಟುಪಾಡು ಇದು. ಮನೆಯೊಳಗೂ ಅಷ್ಟೇ. ಅಷ್ಟು ಜನರ ನಡುವೆ ಇವರು ನನ್ನತ್ತ ಒಂದು ದಿನವೂ ತಲೆ ಎತ್ತಿದವರಲ್ಲ. ಮೂರು ಮಕ್ಕಳಾದವು ನಿಜ, ಆದರೆ ಅದೆಲ್ಲ ದೀಪ ಆರಿದ ಮೇಲಿನ ಸಂಸಾರ.

ಇವರು ಊರ ಶಾಲೆಯಲ್ಲಿ ಚರಿತ್ರೆ ಕಲಿಸುವ ಮೇಷ್ಟ್ರು. ಆ ವರ್ಷ ಮದ್ರಾಸ್ ಸರ್ಕಾರದವರು ಬೇಸಿಗೆ ರಜೆ ಕೊಟ್ಟ ಕೂಡಲೇ ಅತ್ತೆಯವರು, ಇವರಿಗೆ ಜ್ವರ ಬಂದಾಗ ಹಂಪಿಯ ಪ್ರಾಣದೇವರಿಗೆ ಹೊತ್ತ ಹರಕೆಯನ್ನು ನೆನಪಿಸಿದರು. ಹರಕೆ ಇದ್ದದ್ದು ಹಂಪಿಗೆ ಮಾತ್ರ. ಹೊಸಪೇಟೆ, ಸಂಡೂರು ಇವರು ತಾವೇ ಸೇರಿಸಿಕೊಂಡದ್ದು. ಯಾಕೆಂದು ಕೇಳಿದ್ದಕ್ಕೆ, "ಹಳೇ ಗುಡಿ ಅವ," ಎಂದು ಗೋಡೆಗೆ ಹೇಳಿದರು.

ಗಾಳೆಪ್ಪನ ಕಮಾನು ಬಂಡಿ ಹೂಡಿತು. ಇವರು ಮುಂದೆ ಗಾಳೆಪ್ಪನ ಪಕ್ಕ, ನಾನು ಹಿಂದೆ ಅವಲಕ್ಕಿ ಚಟ್ನಿಪುಡಿಗಳ ಗಂಟಿನ ಜೊತೆ, ಅವರಿಗೆ ಬೆನ್ನು ಹಾಕಿ. ಹಾಗಾಗಿ ಹಂಪಿಯವರೆಗೆ ನಾನು ಕಂಡದ್ದೆಲ್ಲ ದಾಟಿ ಹೋದ ದಾರಿಯೇ. ಆದರೂ ಎಂಥ ಸಂತೋಷ! ಒಲೆಯಿಲ್ಲ, ಮಡಿಯಿಲ್ಲ, "ಏ ಕೃಷ್ಣಾಬಾಯಿ" ಎಂದು ಕೂಗುವವರಿಲ್ಲ.

ಪ್ರಾಣದೇವರ ದರ್ಶನವಾದ ಮೇಲೆ ಹಜಾರರಾಮನ ಗುಡಿಗೆ ಹೋದೆವು. ಹೊರಗೋಡೆಯ ಮೇಲೆ ಆನೆ, ಕುದುರೆ, ಕುಣಿಯುವ ಹೆಂಗಸರು, ಸಾಲು ಸಾಲು. ನಾನು ಅಲ್ಲೇ ನಿಂತುಬಿಟ್ಟೆ. ಒಬ್ಬಳು ನಡು ತಿರುಗಿಸಿ ಹಿಂದೆ ನೋಡುತ್ತಿದ್ದಳು. ಪುಣ್ಯವಂತೆ, ಅತ್ತೆ ಇರಲಿಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ಇವರು ಒಳಗೆ ಹೋಗಿ ಗುಡಿಯ ಗೋಡೆಯ ರಾಮಾಯಣ ಶುರು ಮಾಡಿಯೂ ಆಗಿತ್ತು. ಬಾಲಕಾಂಡದಿಂದ ಎದೆ ಬಿಚ್ಚಿ ಹೇಳುತ್ತಿದ್ದರು, ನಾನು ಹಿಂದೆ ಇದ್ದೇನೆಂಬ ಧೈರ್ಯದಲ್ಲಿ.

ಹಿಂದೆ ಇದ್ದದ್ದು ಕಮಲಾಪುರದ ಎರ್ರೆಮ್ಮ. ಆಡು ಬಿಟ್ಟುಕೊಂಡು ನೆರಳಿಗೆ ಕೂತಿದ್ದ ಮುದುಕಿ, ಯಾರೋ ಚೆನ್ನಾಗಿ ಕತೆ ಹೇಳುತ್ತಿದ್ದಾರೆಂದು ಎದ್ದು ಬಂದು ಬೆನ್ನು ಹಿಡಿದಿದ್ದಳು. ನಾನು ತಡವಾಯಿತೆಂದು ಗುಡಿಯ ಇನ್ನೊಂದು ಬದಿಯಿಂದ ಸುತ್ತಿ ಬಂದೆ. ಮೂಲೆ ತಿರುಗಿದರೆ ಇವರು ಎದುರಿಗೇ! ಶಲ್ಯದಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಮುಂದೆ ಕಂಡವರೇ ಕಲ್ಲಾದರು. ಆಮೇಲೆ ಮೆಲ್ಲಗೆ, ಜನ್ಮದಲ್ಲಿ ಮೊದಲ ಸಲ, ಹಿಂದೆ ತಿರುಗಿದರು.

ಎರ್ರೆಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ, "ನಿಂತ್ರ್ಯಾಕ ರಾಯರ? ಮುಂದ ಹೇಳ್ರಿ," ಅಂದಳು.

ಇವರು ಓಡಿದರು ಅಂದರೂ ತಪ್ಪಿಲ್ಲ. ಬಂಡಿ ಸೇರಿಕೊಂಡು ಶಲ್ಯ ಮುಸುಕಿಟ್ಟರು. ನಾನು ಎರ್ರೆಮ್ಮನ ಕೈ ಹಿಡಿದೆ. "ಏನಂದ್ರವ್ವ ನಮ್ಮವರು?"

"ರಾಮನ ಕತಿ ಹೇಳ್ತಾ ಹೇಳ್ತಾ ನಡುವ ನಿನಗ ಒಂದು ಮಾತು ಹೇಳಿದ ತಂಗಿ. ದಾರಿ ತಪ್ಪಿ ನನಗ ಬಂತು."

"ಏನದು?"

"ನಿಂದದು. ನಾ ಹೇಳಾಂಗಿಲ್ಲ. ಅವನ ಬಾಯಿಂದನ ಕೇಳು. ನನ್ನ ಗಂಡ ಸಾಯೋಮಟ ಅಂಥಾ ಮಾತು ಆಡಿರಲಿಲ್ಲ ನೋಡು."

ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಕಾದದ್ದು ನಾನು, ಮಾತು ಸಿಕ್ಕಿದ್ದು ಆಡು ಕಾಯುವ ಮುದುಕಿಗೆ! ಇದು ಹೇಗಾದರೂ ನನಗೆ ಬೇಕೇ ಬೇಕು. ಸಂಡೂರು ಮುಗಿದರೆ ಕಂಪ್ಲಿ. ಆ ಹೊಸ್ತಿಲು ದಾಟಿದರೆ ಇವರ ಬಾಯಿ ಹೊಲಿದಂತೆ.

ಹೊಸಪೇಟೆಯ ಛತ್ರದಲ್ಲಿ ಕೇಳಿದೆ. "ಏನಿಲ್ಲ, ರಾಮಾಯಣ," ಅಂದರು, ಕಂಬ ನೋಡುತ್ತಾ.

"ಅದಕ್ಕ ಆಕಿ ಅತ್ತಳೇನು?"

"ಸೀತಾಪಹರಣ ಬಂದಿತ್ತು."

"ಮೂಗು ಒರಸಿಕೊಂಡವರು ನೀವು!"

"ಧೂಳು," ಅಂದವರೇ ಪೇಟೆಯಲ್ಲಿ ಬೆಲ್ಲದ ಧಾರಣೆ ಏನಿದೆಯೆಂದು ವಿಚಾರಿಸಲು ಎದ್ದು ಹೋದರು. ಬೆಲ್ಲದ ಧಾರಣೆ ಕಟ್ಟಿಕೊಂಡು ಇವರಿಗೇನಾಗಬೇಕಿತ್ತೋ! ಸಂಡೂರಿನ ಕಣಿವೆಯ ಕೆಂಪು ದಾರಿಯಲ್ಲಿ ಬಂಡಿಯ ಹಿಂದಿನಿಂದ ಮತ್ತೆ ಕೇಳಿದೆ. ಗಾಳೆಪ್ಪನಿಗೇ ಮರುಕ ಹುಟ್ಟಿತು. "ಹೇಳಿಬಿಡ್ರಿ ಪ್ರಭಂಜನರಾಯರ. ನಾ ಬೇಕಾದ್ರ ಕಿವಿ ಮುಚ್ಚಿಕೊಂತೀನಿ. ಎತ್ತಿಗಂತೂ ಕನ್ನಡ ಬರಾಂಗಿಲ್ಲ." ಇವರು ಅವನನ್ನು ಗದರಿಸಿ, ಕಿವಿ ಕೆಂಪಗೆ ಮಾಡಿಕೊಂಡು ಕೂತರು. ಸಿಟ್ಟಿನ ನಡುವೆಯೂ ನನಗೆ ನಗು ತಡೆಯಲಾಗಲಿಲ್ಲ.

ಗುಡ್ಡದ ಮೇಲೆ ಕುಮಾರಸ್ವಾಮಿ, ಪಕ್ಕದಲ್ಲೇ ಅವನ ತಾಯಿ ಪಾರ್ವತಿಯ ಗುಡಿ. ಕುಮಾರಸ್ವಾಮಿಯನ್ನು ಹೆಂಗಸರು ನೋಡುವಂತಿಲ್ಲ. "ನೀವು ಹೋಗಿ ಬರ್ರಿ," ಅಂದೆ. ಇವರು ಆ ಬಾಗಿಲವರೆಗೆ ಹೋದರು, ನಿಂತರು, ವಾಪಸು ಬಂದರು. "ನೀ ಒಬ್ಬಾಕಿನ ಬಿಸಿಲಾಗ ಯಾಕ ನಿಂದರಬೇಕು?" ಎಂದರು, ಕಂಬಕ್ಕಲ್ಲ, ನನ್ನ ಕಾಲ ಕಡೆ ನೋಡಿ. ಅಷ್ಟು ಸಾಕಾಯಿತು ನನಗೆ, ಧೈರ್ಯ ಬಂತು.

"ನೋಡ್ರಿ, ಎದುರಿಗೆ ನಿಂತ್ರ ನಿಮಗ ಮಾತು ಹೊರಡಾಂಗಿಲ್ಲ. ಹಿಂದ ಬಂದ್ರ ಯಾರಿಗರೆ ಹೇಳಿಬಿಡ್ತೀರಿ. ಈ ಸಲ ನಾ ಮುಂದ ನಡೀತೀನಿ. ನನ್ನ ಬೆನ್ನಿಗೆ ಹೇಳ್ರಿ."

ಗಂಡನನ್ನು ಹಿಂದೆ ಬಿಟ್ಟು ಪಾರ್ವತಿ ಗುಡಿಯ ಪ್ರದಕ್ಷಿಣೆ ಶುರು ಮಾಡಿದೆ. ಅತ್ತೆಯವರು ಕಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಒಂದು ಮೂಲೆ ಕಳೆಯಿತು, ಇನ್ನೊಂದು ಕಳೆಯಿತು. ಹಿಂದೆ ಚಪ್ಪಲಿಯಿಲ್ಲದ ಕಾಲು ಸುಡುವ ಕಲ್ಲಿನ ಮೇಲೆ ತಟಪಟ ಬರುತ್ತಿತ್ತು, ಮಾತು ಮಾತ್ರ ಇಲ್ಲ. ಆಗಲಿಲ್ಲ, ಇನ್ನು ಕಂಪ್ಲಿಯೇ ಗತಿ ಎಂದು ದುಃಖ ಬಂತು.

"ಅಲ್ಲೆ ಹಂಪ್ಯಾಗ ಸೀತಾನ ಮುಖ ನೋಡಿದೆ," ಎಂದಿತು ಹಿಂದಿನ ದನಿ. "ಕಲ್ಲಿನಾಕಿ. ಕಣ್ಣು ಹೆಂಗದ, ಗದ್ದ ಹೆಂಗದ, ಎಲ್ಲಾ ನೋಡಿದೆ. ಆಮ್ಯಾಲ ಅನ್ನಿಸ್ತು, ನನ್ನ ಹೆಂಡತಿ ಮುಖ ನಾ ಇಷ್ಟು ಹೊತ್ತು ಯಾವತ್ತೂ ನೋಡಿಲ್ಲ."

ನಾನು ನಡೆಯುತ್ತಲೇ ಇದ್ದೆ. ನಿಂತರೆ ಎಲ್ಲಿ ಮಾತು ನಿಂತುಬಿಡುವುದೋ ಎಂಬ ಭಯ.

"ಊಟಕ್ಕ ಬಡಸುವಾಗ ನಿನ್ನ ಕೈ ಅಷ್ಟೇ ಕಾಣ್ತದ. ಹಪ್ಪಳ ಕರದು ಸುಟ್ಟ ಕಲೆ ಹೆಬ್ಬೆರಳಿನ ಬುಡಕ್ಕ ಅದ. ಪಂಚಮಿಗೆ ಹಸರು ಬಳಿ ಹೋಗಿ ಕೆಂಪು ಬಂದವು. ಕೈ ಎಲ್ಲಾ ಗೊತ್ತು ನನಗ. ಮುಖಕ್ಕ ಅಂಜಿ ಕೂತೆ. ಅವ್ವ ಏನಂದಾಳು, ಮಂದಿ ಏನಂದಾರು ಅಂತ. ಹಗಲು ಬೆಳಕಿನಾಗ ಒಮ್ಮೆ ನೋಡಬೇಕಂತನ ಇಷ್ಟು ಊರು ತಿರುಗಿಸಿದೆ." ಹಿಂದಿನ ಕಾಲಸದ್ದು ನಿಂತಿತು. "ಕೃಷ್ಣಾ, ಒಂದಿಷ್ಟು ಈ ಕಡೆ ತಿರುಗು."

ತಿರುಗಿದೆ. ಸೆರಗು ಜಾರಿದ್ದು, ಕುಂಕುಮ ಬೆವರಿಗೆ ಇಳಿದದ್ದು ಯಾವುದನ್ನೂ ಸರಿಮಾಡಿಕೊಳ್ಳಲಿಲ್ಲ. ಇವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ನೆತ್ತಿ ಸುಡುವ ಬಿಸಿಲಲ್ಲಿ ನಿಂತು ನನ್ನನ್ನು ನೋಡಿದರು. ನೋಡಿದರು, ಮತ್ತೂ ನೋಡಿದರು. ಹುಬ್ಬು ಗಂಟಿಕ್ಕಿತು.

"ಮೂಗುಬಟ್ಟು ಬಲಕ್ಕದ ಅಂತ ತಿಳಕೊಂಡಿದ್ದೆನಲ್ಲ!"

ಇಪ್ಪತ್ತೆರಡು ವರ್ಷದ ಸಂಸಾರ! ನಕ್ಕೂ ನಕ್ಕೂ ಅಳು ಬಂತು. "ಎಡಕ್ಕರೀ. ಮದಲಿಂದನೂ ಎಡಕ್ಕನ," ಅಂದೆ. ಕೆಳಗಿನಿಂದ ಗಾಳೆಪ್ಪ ಹೊತ್ತಾಯಿತೆಂದು ಕೂಗಿದ. ಇವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತ್ತು, ಆದರೆ ಓಗೊಡಲಿಲ್ಲ.