ಕೈಕೊಡದ ಸ್ಟೌ

ಗೈಡ್ ಚಪ್ಪಲಿ ಬಿಡುತ್ತಿದ್ದವನು ಅಡುಗೆಮನೆಯ ಭರ್ರೆಂಬ ಸದ್ದು ಕೇಳಿ ಅಲ್ಲೇ ನಿಂತುಬಿಟ್ಟ. ಆ ಸದ್ದು ಅವನಿಗೆ ಗೊತ್ತು. ಬೆನ್ನಚೀಲದಲ್ಲಿ ಹೊತ್ತೊಯ್ಯುವ ಪುಟ್ಟ ಸೀಮೆಎಣ್ಣೆ ಸ್ಟೌ. ಜನರನ್ನು ಬೆಟ್ಟ ಹತ್ತಿಸುವ ಅವನ ಕಸುಬಿನಲ್ಲಿ ಅದಿಲ್ಲದೆ ಒಂದು ಹೊತ್ತು ಕಳೆಯುವುದಿಲ್ಲ.

ನಡುಮನೆಯಲ್ಲಿ ಪಿನ್ ಮಾಸ್ತರರನ್ನು ಮಲಗಿಸಿದ್ದರು. ಬೆಟ್ಟಕ್ಕೆ ಹೋಗುವವರಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸ್ಟೌ ರಿಪೇರಿ ಮಾಡಿಕೊಂಡಿದ್ದವರು. ಜೇಬಿನಲ್ಲಿ ಸದಾ ಸ್ಟೌವಿನ ತೂತು ಬಿಡಿಸುವ ಪಿನ್ ಇರುತ್ತಿದ್ದುದಕ್ಕೆ ಆ ಹೆಸರು. ಗೋಡೆ ಬದಿಯಲ್ಲಿ ಅಂಗಡಿ ಮಾಲೀಕರು ಟೀ ಲೋಟ ಹಿಡಿದು ಕೂತಿದ್ದರು.

“ಕೈಗುಣ ಚೆನ್ನಾಗಿತ್ತು, ಪಾಪ. ಆ ಒಂದು ಸ್ಟೌ ವಿಷಯದಲ್ಲಿ ಎಡವಿಬಿಟ್ರು.”

“ಸತ್ತೋರ ಮನೇಲಿ ಆ ಮಾತ್ಯಾಕೆ ಬಿಡಿ,” ಎಂದ ಪಕ್ಕದ ಮನೆಯ ಟೈಲರ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಬೇರೆ ಎಲ್ಲಿದ್ದಾನೆ? ಗೈಡ್ ತಲೆ ತಗ್ಗಿಸಿ ಅಡುಗೆಮನೆಗೆ ಜಾರಿಕೊಂಡ.

“ಬಾಪ್ಪಾ,” ಎಂದಳು ಮಾಸ್ತರರ ಹೆಂಡತಿ. “ಗ್ಯಾಸು ಬೆಳಿಗ್ಗೆನೇ ಮುಗೀತು. ಬಂದೋರಿಗೆಲ್ಲಾ ಇದರಲ್ಲೇ ಟೀ.”

“ಅತ್ತಿಗೆ, ಇದು ಆ ಸ್ಟೌನಾ?”

“ಅದೇ. ಕೆಲಸದಿಂದ ತೆಗೆದ ದಿನ ಕೇಳಿ ತಂದ್ಕೊಂಡ್ರು. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಹಚ್ಚೋರು. ಚಳಿಗೆ ಕೆಟ್ಟಿತ್ತೇನೋ ಅಂತ ಫ್ರಿಜ್ಜಲ್ಲಿಟ್ಟು ಹಚ್ಚೋರು ಮಾರಾಯ, ಮೊಸರಿನ ಪಕ್ಕದಲ್ಲಿ! ಹಾಳಾದ್ದು ಒಂದಿನ ಕೈಕೊಟ್ಟಿದ್ರೆ ಕೇಳು. ‘ಒಂದೇ ಒಂದ್ಸಲ ಹತ್ತದೆ ಇರ್ಲಿ ಕಣೇ, ನನ್ನ ತಪ್ಪು ಎಲ್ಲಿ ಅಂತ ಗೊತ್ತಾಗುತ್ತೆ’ ಅನ್ನೋರು. ನಿನ್ನೆನೂ ಹಚ್ಚಿದ್ರು.”

*

ಹನ್ನೊಂದು ವರ್ಷದ ಹಿಂದೆ, ಉತ್ತರದ ಬೆಟ್ಟವೊಂದರಲ್ಲಿ ಹಿಮ ಬೀಳುತ್ತಿದ್ದ ಒಂದು ಸಂಜೆ, ಗೈಡ್ ಟೆಂಟಿನೊಳಗೆ ಚೀಲಕ್ಕೆ ಕೈ ಹಾಕಿದ. ಸ್ಟೌ ಇತ್ತು, ಟ್ಯಾಂಕು ಖಾಲಿ. ಎಣ್ಣೆ ಬಾಟಲಿ ಇರಲಿಲ್ಲ. ಶೂ ಲೇಸು ಬಿಗಿಯಲು ಕೂತಿದ್ದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೇ ಉಳಿದಿತ್ತು.

ನಾಲ್ಕು ಜನ ಅವನ ಮುಖವನ್ನೇ ನೋಡುತ್ತಿದ್ದರು. ಸುಮ್ಮನೆ ಎರಡು ಸಲ ಪಂಪ್ ಹೊಡೆದ.

“ಸ್ಟೌ ಕೈಕೊಡ್ತು,” ಎಂದ.

ಬೆಳಗಾಗುವಷ್ಟರಲ್ಲಿ ಅವರಲ್ಲೊಬ್ಬನ ಎರಡು ಕಾಲ್ಬೆರಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು. ಊರಿಗೆ ಮರಳಿದ ಮೇಲೆ, ಅಂಗಡಿಯಲ್ಲಿ ಮಾಸ್ತರರು ಅದೇ ಸ್ಟೌಗೆ ಎಣ್ಣೆ ತುಂಬಿ ಕಡ್ಡಿ ಗೀರಿದರು. ನೀಲಿ ಉರಿ ಎದ್ದಿತು.

“ಇಲ್ಲಿ ಹತ್ತಿದ್ರೆ ಯಾರಿಗೆ ಬೇಕು?” ಎಂದು ಮಾಲೀಕರು ಕಿರುಚಿದರು.

ಮಾಸ್ತರರು ಗೈಡ್‌ನ ಕಡೆ ತಿರುಗಿದರು. “ಪಂಪ್ ಹೊಡೆದಾಗ ಕೈಗೆ ಬಿಗಿ ಸಿಕ್ತೇನೋ?”

“ಇಲ್ಲ ಅಣ್ಣ.”

“ಹಾಗಾದ್ರೆ ಒಳಗೆ ಗಾಳಿ ನಿಂತಿಲ್ಲ. ನಂದೇ ಏನೋ ತಪ್ಪಿರಬೇಕು,” ಎಂದರು ಮಾಸ್ತರರು.

*

“ಇವರಂತೂ ಹೋದ್ರು,” ಎಂದಳು ಹೆಂಡತಿ ಟೀ ಸೋಸುತ್ತಾ. “ಜೊತೆಲಿದ್ದೋನು ನೀನು. ನನಗಾದ್ರೂ ಹೇಳು, ಅವತ್ತು ಏನಾಗಿತ್ತು ಇದಕ್ಕೆ?”

ಚಳಿಗೆ ಕೆಟ್ಟಿತ್ತು ಎಂದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂತು. ಆದರೆ ಫ್ರಿಜ್ಜಿನ ಬಾಗಿಲು ಅಲ್ಲೇ ಕಣ್ಣೆದುರಿಗಿತ್ತು.

“ಎಣ್ಣೆನೇ ಇರ್ಲಿಲ್ಲ ಅತ್ತಿಗೆ. ಬಾಟ್ಲಿ ಮರೆತು ಹೋಗಿದ್ದೆ.”

ಅವಳು ಸ್ಟೌವಿನ ಗಾಳಿ ಬಿಟ್ಟಳು. ಸದ್ದು ಅಡಗಿತು.

“ನನಗ್ಯಾಕೆ ಹೇಳ್ತೀಯ?” ಎಂದಳು ಆಮೇಲೆ. “ಇನ್ನೂ ಎತ್ತಿಲ್ಲ. ಹೋಗಿ ಅವರಿಗೆ ಹೇಳು.”

ಗೈಡ್ ನಡುಮನೆಗೆ ಬಂದು ಮೊಣಕಾಲೂರಿದ. ಅವಳೂ ಹಿಂದೆಯೇ ಬಂದು ನಿಂತಳು. ಕಿವಿಯ ಹತ್ತಿರ ಬಗ್ಗಿದರೆ, ಕಿವಿಗೆ ಹತ್ತಿ ತುಂಬಿದ್ದರು.

“ಎಣ್ಣೆ ಇರ್ಲಿಲ್ಲ ಅಣ್ಣ,” ಎಂದು ಪಿಸುಗುಟ್ಟಿದ.

“ಕೇಳಿಸ್ಲಿಲ್ಲ,” ಎಂದಳು ಅವಳು.

ಕೂತವರೆಲ್ಲ ತಿರುಗಿ ನೋಡಿದರು. ಮಾಲೀಕರ ಲೋಟ ತುಟಿಯ ಹತ್ತಿರವೇ ನಿಂತಿತು. ಗೈಡ್ ಆ ಹತ್ತಿಯನ್ನು ಹೊರಗೆಳೆದು, ಮುಷ್ಟಿಯಲ್ಲಿ ಹಿಡಿದುಕೊಂಡು, ಬೀದಿಯಲ್ಲಿ ನಿಂತವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದ.